ಪೈಗೆ ಒದಗುವ ಸೇಬು

ತಿನ್ನಲು ರುಚಿಯಾದ ಸೇಬೆಲ್ಲ ಪೈಗೆ ಒದಗುವುದಿಲ್ಲ. ಅಕ್ಟೋಬರ್ ಬಂತೆಂದರೆ ನಾನಿರುವ ನ್ಯೂಯಾರ್ಕ್ ರಾಜ್ಯದಲ್ಲಿ ತೋಟದವರು ಬುಟ್ಟಿಗಟ್ಟಲೆ ಹಣ್ಣು ಹೊರಗಿಡುತ್ತಾರೆ. ಕೆಂಪಗೆ ಮಿರುಗುವುದನ್ನೆಲ್ಲ ದಾಟಿಹೋಗಿ ನಾನು ಕೇಳುವುದು ಒಂದೇ ಮಾತು: “ಸ್ಪೈ ಬಂತಾ?”

ನಾರ್ದರ್ನ್ ಸ್ಪೈ ಇದೇ ರಾಜ್ಯದ ಈಸ್ಟ್ ಬ್ಲೂಮ್‌ಫೀಲ್ಡ್‌ನದು. 1800ರ ಸುಮಾರಿಗೆ ಬಿತ್ತಿದ ಬೀಜದಿಂದ ಎದ್ದ ಮೂಲ ಗಿಡ ಹಣ್ಣು ಬಿಡುವ ಮೊದಲೇ ಸತ್ತಿತಂತೆ. ಬುಡದ ಮರಿಗಳನ್ನು ಕಿತ್ತು ನೆಟ್ಟಿದ್ದರಿಂದ ತಳಿ ಉಳಿಯಿತು. ಇವತ್ತಿಗೂ ಈ ಮರ ಫಸಲಿಗೆ ಹತ್ತು ಹನ್ನೆರಡು ವರ್ಷ ಕಾಯಿಸುವುದುಂಟು. ತೋಟದವರಿಗೆ ಇದರ ಮೇಲೆ ಮುನಿಸಿದ್ದರೆ ಆಶ್ಚರ್ಯವೇನು!

ಆದರೆ ಇದರ ಯೋಗ್ಯತೆ ತಿಳಿಯುವುದು ಒವನ್‌ನೊಳಗೆ. ಮ್ಯಾಕಿಂಟಾಷ್ ಸೇಬು ಹಾಕಿ ನೋಡಿ: ಪರಿಮಳಕ್ಕೇನೂ ಕೊರತೆಯಿಲ್ಲ, ಹೋಳು ಮಾತ್ರ ಕುಸಿದು ಮುದ್ದೆಯಾಗಿ, ಮೇಲಿನ ಕಣಕ ಉಬ್ಬಿ, ನಡುವೆ ಟೊಳ್ಳು. ಹೋಳನ್ನು ಹಿಡಿದಿಡುವುದು ಪೆಕ್ಟಿನ್. ಹುಳಿಯಿದ್ದಲ್ಲಿ ಅದು ಸುಲಭಕ್ಕೆ ಕರಗದು. ಹುಣಸೆರಸ ಮೊದಲೇ ಬಿದ್ದರೆ ಸಾಂಬಾರಿನ ತರಕಾರಿ ಬೇಯದೆ ಕೂರುತ್ತದಲ್ಲ, ಅದೇ ನ್ಯಾಯ. ಹಾಗೆಂದು ಹುಳಿಯೊಂದನ್ನೇ ನಂಬುವಂತಿಲ್ಲ. ಇಂಗ್ಲೆಂಡಿನ ಬ್ರಾಮ್ಲಿ ಬಾಯಿಗಿಡಲಾಗದಷ್ಟು ಹುಳಿ, ಬೆಂದರೆ ಮಾತ್ರ ನೊರೆನೊರೆ. ಅಲ್ಲಿಯವರಿಗೆ ಅದೇ ಇಷ್ಟ. ನಾನು ಹೋಳಿನ ಪಕ್ಷ.

ನನ್ನ ಲೆಕ್ಕದಲ್ಲಿ ಎರಡು ಪಾಲು ಸ್ಪೈ, ಒಂದು ಪಾಲು ಗೋಲ್ಡನ್ ಡೆಲಿಶಸ್. ಎರಡನೆಯದು ಸಿಹಿಯೂ ಹೌದು, ಒಲೆಯ ಕಾವಿಗೂ ತಡೆಯುತ್ತದೆ. ಸಿಪ್ಪೆ ತೆಗೆದು, ಅರ್ಧ ಬೆರಳ ದಪ್ಪಕ್ಕೆ ಹೆಚ್ಚಿ, ಸಕ್ಕರೆ, ಚಕ್ಕೆಪುಡಿ ಬೆರೆಸಿ, ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಗಿಡುತ್ತೇನೆ. ಕುದಿಯಬಾರದು. 60ರಿಂದ 70 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಪೆಕ್ಟಿನ್ ಇನ್ನಷ್ಟು ಬಿಗಿಯುತ್ತದೆ; ಆಮೇಲೆ ಒವನ್‌ನ ಬಿಸಿಗೂ ಹೋಳು ಅಷ್ಟಾಗಿ ಜಗ್ಗದು. ಒಂದನ್ನು ಎತ್ತಿ ಬಗ್ಗಿಸಿ ನೋಡಬೇಕು: ಬಾಗಿತು, ಮುರಿಯಲಿಲ್ಲ ಎಂದರೆ ಇಳಿಸಿ ಆರಲು ಬಿಡುವುದು. ಬಿಟ್ಟ ರಸವನ್ನು ಚೆಲ್ಲುವುದುಂಟೇ? ಬೇರೆಯಾಗಿ ಬತ್ತಿಸಿ ಹೂರಣದ ಮೇಲೆಯೇ ಸುರಿಯುತ್ತೇನೆ.

ಬೆಂಗಳೂರಿನಲ್ಲಿ ಪೈ ಮಾಡುವವರಿಗೆ ಒಂದು ಮಾತು. ಶಿಮ್ಲಾ ಸೇಬೆಂದು ಸಿಗುವುದು ಹೆಚ್ಚಾಗಿ ಕೆಂಪು ಡೆಲಿಶಸ್ ಕುಲದ್ದು. 1916ರಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬವರು ಅಮೆರಿಕದಿಂದ ಹಿಮಾಚಲದ ಕೋಟ್‌ಗಢಕ್ಕೆ ತಂದ ತಳಿ ಅದು. ಅದನ್ನು ಹಾಗೆಯೇ ತಿನ್ನಿ. ಪೈಗೆ ಮಾತ್ರ ಅಂಗಡಿಯವರು ಗ್ರೀನ್ ಆಪಲ್ ಎಂದು ಮಾರುವ ಗ್ರ್ಯಾನಿ ಸ್ಮಿತ್ ತನ್ನಿ. ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ.