ಎಂ. ಎಸ್. ನರಸಿಂಹನ್ ಎಂಬ ಗಣಿತಜ್ಞರು



ಗಣಿತಲೋಕದ ಹಿರಿಯರಾದ ಎಂ. ಎಸ್. ನರಸಿಂಹನ್ ಅವರು ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 2021ರ ಮೇ 15ರಂದು ಅಲ್ಲಿಯೇ ತೀರಿಕೊಂಡರು. ಆ ನಗರದಲ್ಲಿ ನೆಲೆಸಿರುವ ನಿಮ್ಮಲ್ಲಿ ಎಷ್ಟು ಜನ ಅವರ ಹೆಸರು ಕೇಳಿದ್ದೀರೋ ಕಾಣೆ. ಸಿನಿಮಾ ನಟರಾಗಿದ್ದರೆ ಖಂಡಿತ ಕೇಳಿರುತ್ತಿದ್ದಿರಿ!

ಹುಟ್ಟಿದ್ದು 1932ರಲ್ಲಿ, ತಮಿಳುನಾಡಿನ ತಂಡರೈ ಎಂಬ ಹಳ್ಳಿಯಲ್ಲಿ. ಐವರು ಮಕ್ಕಳಲ್ಲಿ ಹಿರಿಯರು. ಮದರಾಸಿನ ಲೊಯೋಲಾ ಕಾಲೇಜಿನಲ್ಲಿ ಫಾದರ್ ರಾಸೀನ್ ಎಂಬ ಫ್ರೆಂಚ್ ಪಾದ್ರಿಗಳು ಗುರುಗಳಾಗಿ ದೊರೆತರು. 1953ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು.

ಅವರು ಮಾಡಿದ್ದೇನು? ಹುಲಿಗಿ ಜಾತ್ರೆಯಲ್ಲಿ ಕೊಂಡ ಚೆಂಡಿನ ಮೇಲೆ ದಾರದ ಕುಣಿಕೆ ಇಟ್ಟು ಎಳೆಯಿರಿ. ಅದು ಜಾರುತ್ತ ಕುಗ್ಗಿ ಚುಕ್ಕೆಯಾಗುತ್ತದೆ. ಎಡದಂಡೆ ಕಾಲುವೆಯಲ್ಲಿ ಈಜಲು ನೀವು ಒಯ್ಯುತ್ತಿದ್ದ ಟೈರಿನ ಟ್ಯೂಬಿಗೆ ಅದೇ ದಾರವನ್ನು ನಡುವಿನ ತೂತಿನೊಳಗಿಂದ ತಂದು ಕುಣಿಕೆ ಹಾಕಿರಿ, ಎಷ್ಟೆಳೆದರೂ ಚುಕ್ಕೆಯಾಗದು. ಇಂಥ ಕುಣಿಕೆಗಳ ಲೆಕ್ಕಕ್ಕೆ ಫಂಡಮೆಂಟಲ್ ಗ್ರೂಪ್ ಎಂದು ಹೆಸರು. ಎರಡೋ ಹೆಚ್ಚೋ ತೂತುಗಳಿರುವ ಮೇಲ್ಮೈಗಳಲ್ಲಿ ಈ ಲೆಕ್ಕಕ್ಕೂ 'ಸ್ಟೇಬಲ್ ವೆಕ್ಟರ್ ಬಂಡಲ್'ಗಳೆಂಬ ಬೇರೆಯದೇ ರಚನೆಗಳಿಗೂ ಇರುವ ನಂಟನ್ನು ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ 1965ರಲ್ಲಿ ಪ್ರಕಟಿಸಿದರು. 1983ರಲ್ಲಿ ಬ್ರಿಟನ್ನಿನ ಸೈಮನ್ ಡೊನಾಲ್ಡ್‌ಸನ್ ಅದೇ ಪ್ರಮೇಯಕ್ಕೆ ಹೊಸ ಸಾಧನೆ ಕೊಟ್ಟರು. 2006ರ ಕಿಂಗ್ ಫೈಸಲ್ ಪ್ರಶಸ್ತಿ ನರಸಿಂಹನ್, ಡೊನಾಲ್ಡ್‌ಸನ್ ಇಬ್ಬರಿಗೂ ಸೇರಿ ಬಂತು.

ನನಗೆ ಪ್ರಶಸ್ತಿಗಿಂತ ಅವರ ಶಿಷ್ಯಪರಂಪರೆ ದೊಡ್ಡದು. ಎಂ. ಎಸ್. ರಘುನಾಥನ್, ಎಸ್. ರಮಣನ್ ಅವರ ಕೈಯಲ್ಲಿ ಬೆಳೆದವರು. ವಿ. ಕೆ. ಪಾಟೋಡಿ ಕೂಡ, ಆದರೆ ಪಾಟೋಡಿ 1976ರಲ್ಲಿ, 31ರ ಹರೆಯದಲ್ಲಿಯೇ ಹೋಗಿಬಿಟ್ಟರು. ಶಿಷ್ಯನನ್ನು ಮೊದಲು ಕಳಿಸಿಕೊಟ್ಟ ಗುರುವಿನ ಸಂಕಟ ಮೇಷ್ಟ್ರುಗಳಿಗೆ ತಿಳಿದೀತು.

ಇದನ್ನೆಲ್ಲ ಬರೆಯಲು ಕಾರಣವುಂಟು. ನಮ್ಮ ಹಿಟ್ನಾಳದಲ್ಲಿಯೇ ಒಕ್ಕಲುತನ ಮಾಡಿಕೊಂಡಿರುವ ಹಳೆಯ ಶಿಷ್ಯನೊಬ್ಬ ಮನೆಗೆ ಬಂದು, "ಸರ, ಮಗ ಇಂಜಿನಿಯರಿಂಗ್ ಒಲ್ಲೆ, ಬರೇ ಗಣಿತ ಓದ್ತೀನಿ ಅಂತಾನ್ರಿ. ಸೀಟಿಗಂತ ಎರಡು ಎಕರೆ ಮಾರಾಕ ನಿಂತೀನಿ. ನೀವರ ಬುದ್ಧಿ ಹೇಳ್ರಿ" ಎಂದ. ಬುದ್ಧಿಯನ್ನು ಅಪ್ಪನಿಗೇ ಹೇಳಿದೆ: ಹೊಲ ಮಾರಬೇಡ, ಹುಡುಗ ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಗಣಿತ ಪದವಿಗೆ ಪ್ರವೇಶ ಪರೀಕ್ಷೆ ಬರೆಯಲಿ. ಅವನಿನ್ನೂ ಒಪ್ಪಿಲ್ಲ. ನಿಮ್ಮಲ್ಲಿ ಗಣಿತ ಓದಿ ನೆಲೆ ಕಂಡವರಿದ್ದರೆ ನನಗೊಂದು ಕರೆ ಮಾಡಿ, ಅವನೊಡನೆ ಮಾತನಾಡಿಸುತ್ತೇನೆ.