ಬೋರ್ ನೀರು ಕುಡಿದ ಕಾರು

ನಮ್ಮ ಪುರವರ ಹೋಬಳಿಗೆ ಕಾರು ನೇರವಾಗಿ ಶೋರೂಮಿನಿಂದ ಬರುವುದು ಅಪರೂಪ. ಬೆಂಗಳೂರಿನಲ್ಲಿ ಏಳೆಂಟು ವರ್ಷ ಓಡಿ, ತುಮಕೂರಿನಲ್ಲಿ ಇನ್ನೊಬ್ಬರ ಕೈಯಲ್ಲಿ ಮೂರ್ನಾಲ್ಕು ವರ್ಷ ಓಡಿ, ಬಣ್ಣ ಮಾಸಿದ ಮೇಲೆ ನಮ್ಮ ಊರಿನ ಹುಣಸೆ ಮರದ ಕೆಳಗೆ ಬಂದು ನಿಲ್ಲುತ್ತದೆ. 1983ರ ಡಿಸೆಂಬರಿನಲ್ಲಿ ಮೊದಲ ಸಲ ರಸ್ತೆಗಿಳಿದ ಮಾರುತಿ 800 ಗಾಡಿಯ ತಯಾರಿಕೆ 2014ರ ಜನವರಿಗೇ ನಿಂತಿತು. ಸಂತೆ ದಿನ ಮಧುಗಿರಿ ರಸ್ತೆಯಲ್ಲಿ ಅರ್ಧ ಗಂಟೆ ನಿಂತರೆ ಇವತ್ತಿಗೂ ಒಂದೆರಡು ಕಣ್ಣಿಗೆ ಬೀಳುತ್ತವೆ, ಮೇಲೆ ಕ್ಯಾರಿಯರ್ ಕಟ್ಟಿಕೊಂಡು, ಹಿಂದಿನ ಸೀಟಿನಲ್ಲಿ ಹೂವಿನ ಮೂಟೆ ತುಂಬಿಕೊಂಡು.

ನಾನು ಸುದ್ದಿಗಾಗಿ ಬೈಕಿನಲ್ಲಿ ಸುತ್ತುವವನು. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಅಂತ ತಿರುಗುವಾಗ ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನಿಂತ ಕಾರು ಕಂಡರೆ ನಾನೂ ನಿಲ್ಲುತ್ತೇನೆ. ಅರ್ಧ ಸಹಾಯಕ್ಕೆ, ಅರ್ಧ ಕುತೂಹಲಕ್ಕೆ. ಏನಾದರೂ ಸುದ್ದಿ ಸಿಕ್ಕೀತು ಎಂಬ ಆಸೆಯೂ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಹೀಗೆ ನಿಂತು ನಿಂತು ನನಗೆ ಅನ್ನಿಸಿದ್ದು ಇಷ್ಟು: ನಮ್ಮ ಕಡೆ ಕಾರಿಗೆ ಬರುವ ಕಾಯಿಲೆಗಳೂ ನಮ್ಮ ಊರಿನವೇ. ನಮ್ಮ ನೀರು, ನಮ್ಮ ಹುರುಳಿ ಸೊಪ್ಪು, ನಮ್ಮ ಬಣವೆಯ ಇಲಿ. ಸರ್ವಿಸ್ ಪುಸ್ತಕ ಬರೆದವರು ನಮ್ಮೂರಿನ ಕಡೆ ಬಂದು ನೋಡಿಲ್ಲ. ಹಾಗಾಗಿ ಇವಕ್ಕೆ ಮದ್ದು ಹುಡುಕಿಕೊಂಡವರು ಗಾಡಿ ಇಟ್ಟುಕೊಂಡ ನಮ್ಮ ಜನವೇ.

ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ. ಸಂಬಂಧದಲ್ಲಿ ಏನೂ ಆಗಬೇಕಿಲ್ಲ, ಚಿಕ್ಕಂದಿನಿಂದ ಮಾವ ಅಂತಲೇ ಕರೆಯುವುದು. ಹೆಸರು ಬರೆದರೆ ಅವರಿಗೆ ಇಷ್ಟವಾಗುವುದಿಲ್ಲ. ಮೂರೆಕರೆ ಹೊಲ, ಮೂರು ಸೀಮೆ ಹಸು ಇದ್ದವು. ಕಾರಿನ ಆಸೆ ಅವರಿಗೆ ಯಾವತ್ತೂ ಇರಲಿಲ್ಲ. ಅತ್ತೆಗೆ ಕಿಡ್ನಿ ಕೈಕೊಟ್ಟು, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು ಅಂದಾಗ ಮೊದಮೊದಲು ಬಸ್ಸಿನಲ್ಲೇ ತುಮಕೂರಿಗೆ ಹೋಗಿ ಬರುತ್ತಿದ್ದರು. ಹೋಗುವುದು ಹೇಗೋ ನಡೆಯುತ್ತಿತ್ತು. ನಾಲ್ಕು ಗಂಟೆ ಮಿಷನ್ ಪಕ್ಕ ಮಲಗಿ ಎದ್ದವರಿಗೆ ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಲಿಕ್ಕೂ ಆಗುತ್ತಿರಲಿಲ್ಲ. ಮಾವ ಒಂದು ಹಸು ಮಾರಿದರು, ಸಂಘದಲ್ಲಿ ಸಾಲ ಎತ್ತಿದರು, ಹಳೇ ಕಾರು ತಂದರು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತರು. ಮೊದಲ ತಿಂಗಳು ಅವರ ಪಕ್ಕ ಕೂರುವುದೇ ಒಂದು ಹರಕೆ.

ಒಂದು ಬೇಸಿಗೆ ಮಧ್ಯಾಹ್ನ. ತುಮಕೂರಿನಲ್ಲಿ ನನ್ನ ಕೆಲಸ ಮುಗಿದಿತ್ತು, ಅವರ ಕಾರಿನಲ್ಲೇ ಊರಿಗೆ ಹೊರಟಿದ್ದೆ. ಕೊರಟಗೆರೆ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಏರತೊಡಗಿತು. ಸ್ವಲ್ಪ ದೂರದಲ್ಲೇ ಬಾನೆಟ್ ಸಂದಿಯಿಂದ ಹಬೆ. ಮಾವ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದರು. ನೆರಳಿಲ್ಲದ ಜಾಗ, ಹಿಂದಿನ ಸೀಟಿನಲ್ಲಿ ಅತ್ತೆ ಮಲಗಿದ್ದಾರೆ, ಕಣ್ಣು ಬಿಡಲಿಕ್ಕೂ ತ್ರಾಣವಿಲ್ಲ. ದಾರಿಯಲ್ಲಿ ಹೋಗುವವರು ನಾಲ್ಕೈದು ಜನ ಸೇರಿದರು. ಒಬ್ಬಾತ ಪಕ್ಕದ ತೋಟದಿಂದ ಬಿಂದಿಗೆಯಲ್ಲಿ ತಣ್ಣೀರು ತಂದು ಇಂಜಿನ್ ಮೇಲೆ ಹುಯ್ಯಲು ಹೊರಟ. ಇನ್ನೊಬ್ಬ ರೇಡಿಯೇಟರ್ ಮುಚ್ಚಳಕ್ಕೇ ಕೈ ಹಾಕಿದ. ಅಷ್ಟರಲ್ಲಿ ಒಬ್ಬ ಟೆಂಪೋ ಡ್ರೈವರ್ ಗಾಡಿ ನಿಲ್ಲಿಸಿ ಓಡಿ ಬಂದು ಅವನ ಕೈ ಹಿಡಿದುಕೊಂಡ.

"ಏಯ್, ಮಕ ಬೆಂದೋಯ್ತದೆ ಕಣಣ್ಣ, ಬಿಡು. ಅರ್ಧ ಗಂಟೆ ಯಾರೂ ಮುಟ್ಬೇಡಿ."

ಆತ ಹೇಳಿದ್ದು ಸರಿ. ರೇಡಿಯೇಟರ್ ಮುಚ್ಚಳ ಕೆಲಸ ಮಾಡುವುದು ಕುಕ್ಕರ್ ಮುಚ್ಚಳದ ಹಾಗೆ. ಒಳಗೆ ಒತ್ತಡ ಹಿಡಿದಿಟ್ಟುಕೊಳ್ಳುವುದರಿಂದ 100 ಡಿಗ್ರಿಗೆ ಕುದಿಯಬೇಕಾದ ನೀರು ಸುಮಾರು 120 ಡಿಗ್ರಿವರೆಗೆ ಕುದಿಯದೆ ತಡೆದುಕೊಳ್ಳುತ್ತದೆ. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಒತ್ತಡ ಒಂದೇ ಸಲಕ್ಕೆ ಹೋಗಿ, ಒಳಗಿದ್ದದ್ದು ಉಕ್ಕಿ ಮುಖಕ್ಕೆ ಹಾರುತ್ತದೆ. ಇನ್ನು ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯುವುದು, ಉರಿಯುವ ಲಾಟೀನಿನ ಗಾಜಿಗೆ ನೀರು ಸಿಡಿಸಿದ ಹಾಗೆ. ಬಿರುಕು ಬಿಟ್ಟರೆ ಕಾರಿನ ಬೆಲೆಗಿಂತ ರಿಪೇರಿಯದ್ದೇ ಹೆಚ್ಚಾಗುತ್ತದೆ.

ಡ್ರೈವರ್ ಮಧುಗಿರಿಗೆ ಹೊರಟಿದ್ದ. ಅತ್ತೆಯನ್ನು ಅವನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನಾನೂ ಹತ್ತಿದೆ. ಹೊರಡುವ ಮುಂಚೆ ಅವನು ಮಾವನಿಗೆ ಒಂದು ಮಾತು ಹೇಳಿದ: "ತಣ್ಣಗಾದ್ಮೇಲೆ ದಪ್ಪ ಬಟ್ಟೆ ಹಾಕಿ ಮುಚ್ಚಳ ನಿಧಾನಕ್ಕೆ ಬಿಚ್ಚಿ, ನೀರು ಹಾಕಿ. ಎಸಿ ಆಫ್ ಮಾಡಿ ಹೀಟರ್ ಪೂರ್ತಿ ಇಡಿ. ಕಿಟಕಿ ಎಲ್ಲಾ ಇಳಿಸ್ಕೊಂಡು ಬನ್ನಿ." ಬೇಸಿಗೆಯಲ್ಲಿ ಹೀಟರ್! ಮಾವ ತಮಾಷೆ ಅಂದುಕೊಂಡರು. ಕಾರಿನ ಹೀಟರ್ ಇಂಜಿನ್ನಿನ ಬಿಸಿ ನೀರಿನಿಂದಲೇ ನಡೆಯುತ್ತದೆ. ಅದನ್ನು ಹಾಕಿದರೆ ಇಂಜಿನ್ನಿನ ಕಾವಿನಲ್ಲಿ ಒಂದು ಪಾಲು ನಮ್ಮ ಮುಖಕ್ಕೆ ಬರುತ್ತದೆ, ಇಂಜಿನ್ನಿಗೆ ಅಷ್ಟು ಹೊರೆ ಕಡಿಮೆ. ಮಾವ ಸಂಜೆ ಊರು ಸೇರಿದಾಗ ಅಂಗಿ ಹಿಂಡಿದರೆ ನೀರು ಬರುವ ಹಾಗಿತ್ತು. ಕಾರು ಮಾತ್ರ ಕುದಿಯಲಿಲ್ಲ.

ಮಾರನೇ ದಿನ ಮಧುಗಿರಿಯ ಮೆಕ್ಯಾನಿಕ್ ಯಾವ ಮಿಷನ್ನೂ ಹಚ್ಚಲಿಲ್ಲ. ಗಾಡಿ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿಸಿ, ಆಫ್ ಮಾಡಿಸಿ, ರೇಡಿಯೇಟರ್ ಮೇಲೆ ಅಲ್ಲಲ್ಲಿ ಕೈ ಇಟ್ಟು ನೋಡಿದ. ಒಂದು ಕಡೆ ಸುಡುತ್ತಿತ್ತು, ಒಂದು ಮೂಲೆ ತಣ್ಣಗಿತ್ತು. "ಇಲ್ಲಿಗೆ ನೀರೇ ಬರ್ತಿಲ್ಲ. ಕಟ್ಕೊಂಡೈತೆ," ಅಂದ. ಆಮೇಲೆ ಕೇಳಿದ, "ಏನ್ ನೀರು ಹುಯ್ತಿದ್ರಿ?"

"ಬೋರ್ ನೀರೇ ಕಣಪ್ಪ. ಇನ್ಯಾವ ನೀರೈತೆ ನಮ್ಮೂರಾಗೆ?"

"ನಿಮ್ಮನೆ ಹಂಡೆ ತಳ ನೋಡಿದ್ದೀರಾ? ಇದ್ರೊಳಗೂ ಅದೇ ಐತೆ."

ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಆಂಧ್ರಕ್ಕೆ ಹೋಗುವ ಜಯಮಂಗಲಿ ನಮ್ಮ ನದಿ ಅಂತ ಹೇಳಿಕೊಳ್ಳುತ್ತೇವೆ. ಒಳ್ಳೆ ಮಳೆಯಾದ ವರ್ಷ ಬಿಟ್ಟರೆ ಅದರಲ್ಲಿ ಕಾಣುವುದು ಮರಳು. ಉಳಿದಿದ್ದು ಬೋರ್. ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಸಂದಿಯಲ್ಲಿ ಹೆಚ್ಚು ಕಾಲ ಕೂತಿರುತ್ತದೆ, ಕಲ್ಲಿನ ಸುಣ್ಣದ ಅಂಶ ಕರಗಿಸಿಕೊಂಡು ಬರುತ್ತದೆ. ಇದನ್ನೇ ಗಡಸು ನೀರು ಅನ್ನುವುದು. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಸೈರಿಸಬಹುದು ಎನ್ನುತ್ತದೆ ಬಿಐಎಸ್ ಮಾನದಂಡ. ಪಾವಗಡದ ಕಡೆಯ ಫ್ಲೋರೈಡ್ ಮಾತು ಬೇರೆ. ಅದು ಹಲ್ಲು, ಮೂಳೆಗೆ ತೊಂದರೆ. ಕಾರಿಗೆ ತೊಂದರೆ ಕೊಡುವುದು ಈ ಗಡಸುತನ. ನೀರು ಕಾದಾಗ ಸುಣ್ಣ ಬೇರೆಯಾಗಿ ಲೋಹಕ್ಕೆ ಅಂಟುತ್ತದೆ. ಹಂಡೆಯಲ್ಲಾದರೆ ಬಿಳಿ ಪೊರೆ, ಸೌದೆ ಜಾಸ್ತಿ ಬೇಕು, ಅಷ್ಟೇ. ರೇಡಿಯೇಟರಿನ ಒಳಗಿನ ಕೊಳವೆಗಳು ಬೆಂಕಿಕಡ್ಡಿ ತೂರುವಷ್ಟು ಸಣ್ಣ. ಅಲ್ಲಿ ಪೊರೆ ಕಟ್ಟಿದರೆ ದಾರಿಯೇ ಮುಚ್ಚಿತು.

ಮಾವ ಮನೆಗೆ ಬಂದು ಇದನ್ನೆಲ್ಲ ಅತ್ತೆಗೆ ಹೇಳುವಾಗ ನಾನೂ ಜಗಲಿ ಮೇಲಿದ್ದೆ. ಅತ್ತೆ ಕೇಳಿ ನಕ್ಕುಬಿಟ್ಟರು. "ನನ್ನ ಮಿಷನ್ಗೂ ಬೋರ್ ನೀರು ಆಗಲ್ವಂತೆ. ಅಲ್ಲಿ ಹುಡುಗ ಹೇಳ್ತಿದ್ದ, ಫಿಲ್ಟರ್ ನೀರೇ ಬೇಕಂತೆ. ನಾನು, ನಿನ್ ಕಾರು ಇಬ್ರೂ ಒಂದೇ ಜಾತಿ ನೋಡು." ಡಯಾಲಿಸಿಸ್ ಕೇಂದ್ರಕ್ಕೆ ಆಮೇಲೆ ಒಂದು ಸಲ ಹೋದಾಗ ವಿಚಾರಿಸಿದೆ. ಹೌದು, ಒಬ್ಬ ರೋಗಿಗೆ ಒಂದು ಸಲಕ್ಕೆ 100 ಲೀಟರಿಗೂ ಹೆಚ್ಚು ಆರ್‌ಒ ನೀರು ಬೇಕು. ಅದೇ ರೋಗಿ ದಿನಕ್ಕೆ ಕುಡಿಯುವ ನೀರನ್ನು ಮಾತ್ರ ಲೋಟದಲ್ಲಿ ಅಳೆದು ಕುಡಿಯಬೇಕು. ಅತ್ತೆಗೆ ಬೇಸಿಗೆಯಲ್ಲಿ ಅದೇ ದೊಡ್ಡ ಕಷ್ಟ. ಕಾರಿಗೆ ಕ್ಯಾನಿನಲ್ಲಿ ನೀರು ತುಂಬಿಸಿಟ್ಟುಕೊಳ್ಳುವುದನ್ನು ನೋಡಿ "ಅದ್ಕಾದ್ರೂ ಹೊಟ್ಟೆ ತುಂಬ ಕುಡಿಸು" ಅನ್ನುತ್ತಾರೆ.

ರೇಡಿಯೇಟರ್ ಹಿತ್ತಾಳೆಯದ್ದಾಗಿತ್ತು, ಹಾಗಾಗಿ ಬದುಕಿತು. ತುಮಕೂರಿನ ಅಂಗಡಿಯಲ್ಲಿ ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ, ಕೊಳವೆಗಳಿಗೆ ಕಡ್ಡಿ ಹಾಕಿ ಕೆರೆದು, ಮತ್ತೆ ಬೆಸೆದು ಕೊಟ್ಟರು. ಈಗಿನ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಟ್ಯಾಂಕಿನದ್ದಾದರೆ ಸಾಮಾನ್ಯವಾಗಿ ಹೊಸದೇ ಹಾಕಬೇಕು. ಇಂಜಿನ್ ಹೆಡ್ ಬಾಗಿರಲಿಲ್ಲ. ಮುಳ್ಳು ಏರಿದ ಕೂಡಲೇ ನಿಲ್ಲಿಸಿದ್ದೇ ಮಾವನನ್ನು ಉಳಿಸಿತು. ಇನ್ನು ಸ್ವಲ್ಪ, ಊರು ಬಂದೇಬಿಟ್ಟಿತು ಅಂತ ಓಡಿಸಿದವರ ಇಂಜಿನ್ ಬಿಚ್ಚಿ ಹಾಕಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ.

ಮೆಕ್ಯಾನಿಕ್ ಇನ್ನೊಂದು ಸಲಹೆ ಕೊಟ್ಟಿದ್ದ: ಥರ್ಮೋಸ್ಟಾಟ್ ವಾಲ್ ಕಿತ್ತುಹಾಕಿಬಿಡೋಣ, ನೀರು ಸಲೀಸಾಗಿ ಓಡಾಡುತ್ತೆ. ನಮ್ಮ ಕಡೆ ಬಹಳ ಗಾಡಿಗಳಲ್ಲಿ ಇದನ್ನು ಕಿತ್ತಿರುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಇಂಜಿನ್ ಒಂದು ಹದಕ್ಕೆ ಕಾಯುವವರೆಗೂ ನೀರನ್ನು ತಡೆದು ನಿಲ್ಲಿಸುವುದೇ ಆ ವಾಲಿನ ಕೆಲಸ. ಅದಿಲ್ಲದಿದ್ದರೆ ಚಳಿಗಾಲದ ಬೆಳಿಗ್ಗೆ ಇಂಜಿನ್ ಹದಕ್ಕೆ ಬರುವುದೇ ಇಲ್ಲ, ಪೆಟ್ರೋಲ್ ಹೆಚ್ಚು ತಿನ್ನುತ್ತದೆ. ಮಾವ ಯೋಚನೆ ಮಾಡಿ ಬೇಡ ಅಂದರು. "ಹಾಲು ಕಾಯಿಸೋ ಪಾತ್ರೆ ತೂತಾದ್ರೆ ಒಲೆ ಕಿತ್ತಾಕ್ತಾರಾ?" ಅಂತ ಅವರ ವಾದ. ಉಪಮೆ ಅಷ್ಟು ಕೂಡುವುದಿಲ್ಲ, ಆದರೂ ತೀರ್ಮಾನ ಸರಿ.

ಈಗ ಅವರು ಕೂಲೆಂಟ್ ಹಾಕುತ್ತಾರೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಕೂಲೆಂಟ್ ಯಾಕೆ ಅಂತ ಕೇಳುವವರು ಬಹಳ. ಅದು ತುಕ್ಕು ತಡೆಯುತ್ತದೆ, ಕುದಿಯುವ ಬಿಂದು ಏರಿಸುತ್ತದೆ. ನಮಗೆ ಬೇಕಾದದ್ದು ಈ ಎರಡು. ಕೊಳ್ಳುವಾಗ ಡಬ್ಬದ ಮೇಲೆ ಓದಿ. ಕೆಲವು ನೇರವಾಗಿ ಹುಯ್ಯುವಂಥವು, ಕೆಲವಕ್ಕೆ ಬರೆದಿರುವ ಅಳತೆಯಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಬೋರ್ ನೀರು ಬೆರೆಸಿದರೆ ಮತ್ತೆ ಅದೇ ಕಥೆ. ದಾರಿಯಲ್ಲಿ ತೀರಾ ತುರ್ತಾದರೆ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕದ ನೀರು ಬೋರ್ ನೀರಿಗಿಂತ ಎಷ್ಟೋ ವಾಸಿ. ಅದರಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ, ಹಾಗಾಗಿ ಬ್ಯಾಟರಿಗೆ ಮಾತ್ರ ಅದನ್ನು ಹಾಕಬೇಡಿ. ಬ್ಯಾಟರಿಗೆ ಅಂಗಡಿಯ ಬ್ಯಾಟರಿ ನೀರೇ ಆಗಬೇಕು.

ಹಳೇ ಕೂಲೆಂಟ್ ತೆಗೆದಾಗ ಮಾವ ಅದನ್ನು ಬಕೆಟಿನಲ್ಲಿ ಹಿಡಿದು ಮುಚ್ಚಿಟ್ಟು ಮೆಕ್ಯಾನಿಕ್‌ಗೇ ಕೊಟ್ಟು ಬರುತ್ತಾರೆ. ಬಹಳಷ್ಟು ಕೂಲೆಂಟ್‌ಗಳಲ್ಲಿ ಇರುವ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ದನ ನೆಕ್ಕಿದರೆ ಕಿಡ್ನಿ ಹಾಳಾಗಿ ಸಾಯುತ್ತವೆ, ಮಕ್ಕಳಿಗೂ ಅಷ್ಟೇ. ಆ ಮನೆಯಲ್ಲಿ ಕಿಡ್ನಿ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಉಳಿದದ್ದು ಯಾರೂ ಹೇಳಬೇಕಾಗಿಲ್ಲ.

ಡೈರಿಯ ಹಳೇ ಪಾಸ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮಾವ ಎಲ್ಲಾ ಬರೆದಿಡುತ್ತಾರೆ: ಕೂಲೆಂಟ್ ಹಾಕಿದ ತಾರೀಖು, ಆಯಿಲ್ ಬದಲಿಸಿದ ಕಿಲೋಮೀಟರ್, ಬೆಲ್ಟು, ಹೋಸ್ ಪೈಪು. ಡಯಾಲಿಸಿಸ್‌ಗೆ ಹೋಗುವ ಹಿಂದಿನ ರಾತ್ರಿ ಟಾರ್ಚ್ ಹಿಡಿದು ಬಾನೆಟ್ ಎತ್ತುತ್ತಾರೆ. ನೀರಿನ ಮಟ್ಟ, ಆಯಿಲ್ ಕಡ್ಡಿ, ಟೈರು. ಐದು ನಿಮಿಷದ ಕೆಲಸ. ಅತ್ತೆ ಈಗ ಹಿಂದೆ ಮಲಗುವುದಿಲ್ಲ, ಮುಂದಿನ ಸೀಟನ್ನೇ ಒರಗಿಸಿಕೊಂಡು ಮುಳ್ಳು ನೋಡುತ್ತಾ ಬರುತ್ತಾರಂತೆ. ಅದು ಅರ್ಧ ದಾಟಿದರೆ ಮಾವನಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ನೀರಿನ ಮಾತು ಉದ್ದವಾಯಿತು. ಹುರುಳಿ ಸೊಪ್ಪಿನದ್ದು ಚಿಕ್ಕದು, ಆದರೆ ಜೀವಕ್ಕೇ ಅಪಾಯ. ಒಕ್ಕಣೆ ಕಾಲದಲ್ಲಿ ರಾಗಿ, ಹುರುಳಿ ಎಲ್ಲಾ ಟಾರು ರಸ್ತೆಗೇ ಬರುತ್ತವೆ. ಹುರುಳಿ ಬಳ್ಳಿ ಜಾತಿ, ಚಕ್ರದ ಪಕ್ಕ ತಿರುಗುವ ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್. ಸುತ್ತಿಕೊಂಡದ್ದು ಉಜ್ಜಿ ಉಜ್ಜಿ ಬಿಸಿಯಾಗಿ ಹೊತ್ತಿಕೊಂಡರೆ ಕಾರು ಉಳಿಯುವುದು ಕಷ್ಟ. ಹೀಗೆ ಸುಟ್ಟ ಕಾರುಗಳ ಸುದ್ದಿ ರಾಜ್ಯದ ಬೇರೆ ಬೇರೆ ಜಿಲ್ಲೆಗಳಿಂದ ಬರುತ್ತಲೇ ಇರುತ್ತದೆ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಅನ್ನುವುದು ಸುಲಭ, ಪ್ರಕಟಣೆಯನ್ನು ನಾನೂ ಟೈಪ್ ಮಾಡಿ ಕಳಿಸಿದ್ದೇನೆ. ಆದರೆ ಊರ ಕಣಗಳು ಸೈಟುಗಳಾಗಿ ಹೋದ ಮೇಲೆ ರೈತ ಎಲ್ಲಿ ಹರಡಬೇಕು ಅಂತ ಆ ಪ್ರಕಟಣೆಯಲ್ಲಿ ಇರುವುದಿಲ್ಲ. ಸೊಪ್ಪಿನ ಮೇಲೆ ಹೋಗಲೇಬೇಕಾದರೆ ದಾಟಿದ ಮೇಲೆ ಸ್ವಚ್ಛ ಜಾಗದಲ್ಲಿ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ. ಸುತ್ತಿಕೊಂಡಿದ್ದರೆ ಇಂಜಿನ್ ಆಫ್ ಮಾಡಿ ಕುಡುಗೋಲಿನಿಂದ ಕತ್ತರಿಸಿ ಎಳೆಯಿರಿ, ಸೈಲೆನ್ಸರ್ ಮುಟ್ಟಬೇಡಿ. ಸುಟ್ಟ ವಾಸನೆ ಬಂದರೆ ಮೊದಲು ಕಾರಿನಲ್ಲಿರುವವರನ್ನು ಇಳಿಸಿ ದೂರ ಕಳಿಸಿ.

ಇಲಿಯದ್ದು ಇನ್ನೂ ಬಗೆಹರಿದಿಲ್ಲ. ಬಣವೆ ಪಕ್ಕ ನಿಲ್ಲಿಸಿದ ಕಾರಿನ ಬಾನೆಟ್ ಒಳಗೆ ರಾತ್ರಿ ಬೆಚ್ಚಗಿರುತ್ತದೆ, ಇಲಿ ಬಂದು ಕಡಲೆಕಾಯಿ ತಿಂದು ಸಿಪ್ಪೆ ಅಲ್ಲೇ ಬಿಟ್ಟು, ವೈರು ಕಡಿದು ಹೋಗುತ್ತದೆ. ಹೊಗೆಸೊಪ್ಪಿನ ಎಲೆ ಕಟ್ಟಿಡುವವರಿದ್ದಾರೆ, ನುಸಿಗುಳಿಗೆ ಇಡುವವರಿದ್ದಾರೆ. ರಾತ್ರಿ ಬಾನೆಟ್ ಎತ್ತಿಯೇ ಇಟ್ಟು ಒಳಗಿನ ಕತ್ತಲೆ ತೆಗೆಯುವವರನ್ನೂ ನೋಡಿದ್ದೇನೆ. ಮಾವ ಹೊಗೆಸೊಪ್ಪು ಕಟ್ಟಿದ್ದರು. ಎರಡು ವಾರ ಇಲಿ ಬರಲಿಲ್ಲ, ಮೂರನೇ ವಾರ ಹೊಗೆಸೊಪ್ಪಿನ ಪಕ್ಕದಲ್ಲೇ ಕಡಲೆಕಾಯಿ ಸಿಪ್ಪೆ ಇತ್ತು. ಈಗ ಕಾರನ್ನು ಬಣವೆಯಿಂದ ದೂರ, ಅಂಗಳದ ಲೈಟಿನ ಕೆಳಗೆ ನಿಲ್ಲಿಸಿ, ಬೆಕ್ಕು ಸಾಕಿದ್ದಾರೆ. ಬೆಕ್ಕಿಗೂ ರಾತ್ರಿ ಬೆಚ್ಚಗಿನ ಜಾಗವೇ ಬೇಕು, ಅದೂ ಹೋಗಿ ಇಂಜಿನ್ ಪಕ್ಕ ಮಲಗುತ್ತದೆ. ಹಾಗಾಗಿ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಬಡಿಯುವುದು ಅತ್ತೆಯ ಕೆಲಸ. ಇಲಿಗೆ ಇದಕ್ಕಿಂತ ಒಳ್ಳೆ ಉಪಾಯ ಕಂಡುಕೊಂಡವರು ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಸಿಕ್ಕಾಗ ನನಗೆ ಹೇಳಿ, ಮಾವನಿಗೆ ತಿಳಿಸುತ್ತೇನೆ.