ಬ್ರೈಟ್‌ನೆಸ್ ಕಮ್ಮಿ ಮಾಡು

ಕಣ್ಣು ನೋಯ್ತಿದೆ ಅಂತ ಯಾರ ಹತ್ತಿರ ಹೇಳಿಕೊಂಡರೂ ಮೊದಲು ಬರುವ ಸಲಹೆ ಒಂದೇ: "ಬ್ರೈಟ್‌ನೆಸ್ ಕಮ್ಮಿ ಮಾಡು." ಅಮ್ಮ ಹೇಳಿದ್ಲು, ಮ್ಯಾನೇಜರ್ ಹೇಳಿದರು, ಮೆಟ್ರೋದಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಆಂಟಿಯೂ ಹೇಳಿದರು. ಕೆಲವು ಲ್ಯಾಪ್‌ಟಾಪ್‌ಗಳ ಮಟ್ಟಿಗೆ ಈ ಸಲಹೆ ಪೂರ್ತಿ ಉಲ್ಟಾ. ಆಫೀಸು ನನಗೆ ಕೊಟ್ಟಿರೋದು ಅಂಥದ್ದೊಂದು. ಸರಿಯಾಗಿ ಹೇಳಬೇಕೆಂದರೆ, ಒಂದು ಫರ್ಮ್‌ವೇರ್ ಅಪ್‌ಡೇಟ್ ಆದಮೇಲೆ ಅಂಥದ್ದಾಯಿತು.

ಅದಕ್ಕೂ ಮೊದಲು ಎರಡು ವರ್ಷ ಅದೇ ಮೆಷಿನ್ ಮುಂದೆ ದಿನಕ್ಕೆ ಹತ್ತು ಗಂಟೆ ಕೂತಿದ್ದೇನೆ. ಕಣ್ಣು ಒಣಗೋದು, ಕುತ್ತಿಗೆ ಹಿಡ್ಕೊಳ್ಳೋದು ಐಟಿಯಲ್ಲಿ ಯಾರಿಗಿಲ್ಲ ಹೇಳಿ. ಇದು ಬೇರೆ ಥರ. ಕೆಲಸ ಶುರು ಮಾಡಿದ ಇಪ್ಪತ್ತೇ ನಿಮಿಷಕ್ಕೆ ಹುಬ್ಬಿನ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ವಾಕರಿಕೆ. ರಾತ್ರಿ ಲೈಟ್ ಆರಿಸಿ, ಬ್ರೈಟ್‌ನೆಸ್ ಇಳಿಸಿ ಕೂತರಂತೂ ಇನ್ನೂ ಜಾಸ್ತಿ. ಶನಿವಾರ, ಭಾನುವಾರ ಲ್ಯಾಪ್‌ಟಾಪ್ ಮುಚ್ಚಿಟ್ಟರೆ ಏನೂ ಇಲ್ಲ.

ಕಣ್ಣಿನ ಡಾಕ್ಟರು ನಂಬರ್ ಬದಲಾಗಿಲ್ಲ ಅಂದರು, ಡ್ರಾಪ್ಸ್ ಬರೆದುಕೊಟ್ಟರು, 20-20-20 ನಿಯಮ ಹೇಳಿದರು: 20 ನಿಮಿಷಕ್ಕೊಮ್ಮೆ, 20 ಅಡಿ ದೂರ ಇರೋದನ್ನ, 20 ಸೆಕೆಂಡು ನೋಡಬೇಕು. ನಮ್ಮ ಆಫೀಸಿನಲ್ಲಿ 20 ಅಡಿ ದೂರ ಇರೋದು ಇನ್ನೊಬ್ಬರ ಸ್ಕ್ರೀನ್! ಎಚ್‌ಆರ್‌ನವರು "ಸ್ಟ್ರೆಸ್ ಇರಬಹುದು" ಅಂತ ಯೋಗ ಸೆಷನ್ನಿನ ಲಿಂಕ್ ಕಳಿಸಿದರು. ಅಪ್ರೈಸಲ್‌ಗೆ ಎರಡು ತಿಂಗಳಿತ್ತು, ಕೆಲಸ ಹಿಂದೆ ಬೀಳ್ತಿತ್ತು. ಜ್ವರ ಅಂದರೆ ಥರ್ಮಾಮೀಟರ್ ತೋರಿಸಬಹುದು. ಇದಕ್ಕೆ ಏನು ತೋರಿಸೋದು?

ಸುಳಿವು ಕೊಟ್ಟದ್ದು ಅಪ್ಪ. ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಓಡಿಸಿದವರು. ಲ್ಯಾಪ್‌ಟಾಪ್ ಅಂದರೆ ಅವರಿಗೆ ದೊಡ್ಡ ಯೂಟ್ಯೂಬ್. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು, "ಲೈಟು ಮಿಣಕ್ ಮಿಣಕ್ ಅಂತಿದ್ಯೇನೋ ನೋಡಮ್ಮ" ಅಂದರು.

"ಅಂಥದ್ದೇನೂ ಕಾಣಲ್ಲಪ್ಪ."

"ಕಾಣಲ್ಲ. ಟ್ಯೂಬ್‌ಲೈಟ್‌ದೂ ಕಾಣಲ್ಲ."

ಆಮೇಲೆ ವರ್ಕ್‌ಶಾಪಿನ ಕತೆ ಹೇಳಿದರು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಹಳೇ ಚೋಕ್ ಇರುವ ಟ್ಯೂಬ್‌ಲೈಟಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಮೂರು ದವಡೆಯ ಚಕ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಸೆಕೆಂಡಿಗೆ ಸರಿಯಾಗಿ 100 ಸಲ ಒಂದಲ್ಲ ಒಂದು ದವಡೆ ಅದೇ ಜಾಗಕ್ಕೆ ಬಂದಿರುತ್ತದೆ. ನೋಡುವವನಿಗೆ ಲೇತ್ ನಿಂತ ಹಾಗೆಯೇ ಕಾಣುತ್ತದೆ. ನಿಂತಿದೆ ಅಂತ ಕೈ ಹಾಕಿದರೆ ಬೆರಳು ಹೋಯ್ತು. "ಅದಕ್ಕೇ ಮೆಷಿನ್ ಮೇಲೆ ಒಂದು ಬುರುಡೆ ಬಲ್ಬು ಇರಲೇಬೇಕಿತ್ತು" ಅಂದರು. ಬುರುಡೆ ಬಲ್ಬಿನ ತಂತಿ ಅಷ್ಟು ಬೇಗ ತಣ್ಣಗಾಗಲ್ಲ, ಬೆಳಕು ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ.

ಲ್ಯಾಪ್‌ಟಾಪ್ ಸ್ಕ್ರೀನಿನ ಕತೆಯೂ ಇದೇ. ಬ್ರೈಟ್‌ನೆಸ್ ಇಳಿಸಿದರೆ, ನಲ್ಲಿ ತಿರುಗಿಸಿ ನೀರು ಸಣ್ಣ ಮಾಡಿದ ಹಾಗೆ ಬೆಳಕು ಸಣ್ಣಗಾಗುತ್ತದೆ ಅಂದುಕೊಂಡಿರುತ್ತೇವೆ. ಬಹಳಷ್ಟು ಸ್ಕ್ರೀನ್‌ಗಳಲ್ಲಿ ಹಾಗಾಗುವುದಿಲ್ಲ. ಹಿಂದಿರುವ ಎಲ್‌ಇಡಿ ಪೂರ್ತಿ ಬೆಳಕಿನಲ್ಲೇ ಉರಿಯುತ್ತದೆ, ಆದರೆ ಬಿಟ್ಟು ಬಿಟ್ಟು. ಇದಕ್ಕೆ ಪಿಡಬ್ಲ್ಯುಎಂ ಅಂತ ಹೆಸರು. ಸೆಕೆಂಡಿಗೆ 200 ಸಲ ಅಂತ ಇಟ್ಟುಕೊಳ್ಳಿ. ಒಂದು ಸುತ್ತಿಗೆ 5 ಮಿಲಿಸೆಕೆಂಡ್. ಕಾಲು ಭಾಗ ಬ್ರೈಟ್‌ನೆಸ್ ಅಂದರೆ 1.25 ಮಿಲಿಸೆಕೆಂಡ್ ಬೆಳಕು, ಮಿಕ್ಕ 3.75 ಕಗ್ಗತ್ತಲು. ಬ್ರೈಟ್‌ನೆಸ್ ಇಳಿಸಿದಷ್ಟೂ ಕತ್ತಲು ಉದ್ದ. ಹಳೇ ಎಲ್‌ಸಿಡಿಗಳ ಹಿಂದೆ ಸಣ್ಣ ಟ್ಯೂಬ್‌ಲೈಟ್ ಇರುತ್ತಿತ್ತು; ಆರಿದರೂ ಅದರ ಒಳಲೇಪ ಒಂದಿಷ್ಟು ಹೊತ್ತು ಹೊಳೆಯುತ್ತಿತ್ತು. ಎಲ್‌ಇಡಿಗೆ ಆ ದಾಕ್ಷಿಣ್ಯ ಇಲ್ಲ.

ಕಣ್ಣಿಗೆ ಕಾಣದ್ದು ತಲೆಗೆ ತಾಗುತ್ತದಾ? ಬ್ರಿಟನ್ನಿನಲ್ಲಿ ಅರ್ನಾಲ್ಡ್ ವಿಲ್ಕಿನ್ಸ್ ಮತ್ತವರ ಸಂಗಡಿಗರು ಒಂದು ಆಫೀಸಿನ ಟ್ಯೂಬ್‌ಲೈಟ್‌ಗಳಿಗೆ ಯಾರಿಗೂ ಹೇಳದೆ ವೇಗವಾಗಿ ಮಿಣುಕುವ ಚೋಕ್ ಹಾಕಿ ನೋಡಿದ್ದರು. ತಲೆನೋವು, ಕಣ್ಣುನೋವು ಅರ್ಧಕ್ಕಿಂತ ಕಮ್ಮಿಯಾಯಿತು ಅಂತ 1989ರಲ್ಲಿ ಪ್ರಕಟಿಸಿದರು. 2015ರಲ್ಲಿ ಐಇಇಇ ಸಂಸ್ಥೆ ಎಲ್‌ಇಡಿ ಬೆಳಕಿಗೆ 1789 ನಂಬರಿನ ಶಿಫಾರಸು ತಂದಿತು. ಅದರ ಸೂತ್ರದಲ್ಲಿ ಲೆಕ್ಕ ಹಾಕಿದರೆ, ಪೂರ್ತಿ ಆರಿ ಹೊತ್ತಿಕೊಳ್ಳುವ ದೀಪ ಸೆಕೆಂಡಿಗೆ 1250 ಸಲವಾದರೂ ಮಿಣುಕಬೇಕು. 200 ಎಲ್ಲಿ, 1250 ಎಲ್ಲಿ.

ಪರೀಕ್ಷೆ ಸುಲಭ, ನೀವೂ ಮಾಡಿ ನೋಡಿ. ಸ್ಕ್ರೀನ್ ಪೂರ್ತಿ ಬಿಳಿ ಮಾಡಿ, ಬ್ರೈಟ್‌ನೆಸ್ ಇಳಿಸಿ, ಮುಂದೆ ಒಂದು ಪೆನ್ಸಿಲ್ ಬೇಗ ಬೇಗ ಆಡಿಸಿ. ಬೀಸಣಿಗೆ ಥರ ಮಸುಕಾಗಿ ಕಂಡರೆ ಸರಿ. ಬಿಡಿ ಬಿಡಿಯಾಗಿ ಹತ್ತು ಪೆನ್ಸಿಲ್ ಕಂಡರೆ ಬೆಳಕು ಮಿಣುಕುತ್ತಿದೆ. ಫೋನ್ ಕ್ಯಾಮೆರಾದ ಪ್ರೊ ಮೋಡಿನಲ್ಲಿ ಶಟರ್ 1/1000ಕ್ಕೆ ಇಟ್ಟರೆ ಕಪ್ಪು ಪಟ್ಟಿಗಳೇ ಕಾಣುತ್ತವೆ.

ನಮ್ಮ ಟೀಮಿನ ಒಬ್ಬ ಹುಡುಗನದ್ದೂ ಅದೇ ಮಾಡೆಲ್, ಪ್ಯಾನಲ್ ನಂಬರೂ ಅದೇ. ಅಪ್‌ಡೇಟನ್ನು "ಆಮೇಲೆ" ಅಂತ ಮುಂದೂಡುತ್ತಲೇ ಬಂದಿದ್ದ ಪುಣ್ಯಾತ್ಮ. ಪ್ಯಾಂಟ್ರಿ ಟೇಬಲ್ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟೆವು. ನನ್ನದರಲ್ಲಿ ಜೀಬ್ರಾ ಕ್ರಾಸಿಂಗ್, ಅವನದು ನೀಟಾಗಿ ಬಿಳಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸೆಕೆಂಡಿಗೆ ಎಷ್ಟು ಸಲ ಮಿಣುಕಬೇಕು ಅನ್ನೋದು ಬಯೋಸ್‌ನಲ್ಲಿ ಕೂತಿರುವ ಒಂದು ಸಂಖ್ಯೆ, ಅಷ್ಟೇ. ಹೊಸ ಬಯೋಸ್ ಅದನ್ನು ಬದಲಿಸಬಹುದು. ನಿಧಾನಕ್ಕೆ ಮಿಣುಕಿದರೆ ಸ್ಕ್ರೀನನ್ನು ಇನ್ನೂ ಮಂಕು ಮಾಡೋದು ಸಲೀಸು. ಅಪ್‌ಡೇಟ್ ಜೊತೆ ಬಂದ ವಿವರದಲ್ಲಿ ಇದ್ದದ್ದು "ಕಡಿಮೆ ಬೆಳಕಿನಲ್ಲಿ ಡಿಸ್‌ಪ್ಲೇ ಸುಧಾರಣೆ" ಅಂತ ಒಂದೇ ಸಾಲು. ಸುಧಾರಣೆ! ಆ ಪದಕ್ಕೆ ಇಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಆ ಫೋಟೋ ಹಚ್ಚಿದ ಟಿಕೆಟ್‌ಗೆ ಐಟಿಯವರು ಮೊದಲ ಸಲ ಫೋನ್ ಮಾಡಿದರು. "ಹಳೇ ವರ್ಷನ್‌ಗೆ ವಾಪಸ್ ಹೋಗೋಕೆ ಬಿಡಲ್ಲ ಮೇಡಂ, ಸೆಕ್ಯೂರಿಟಿ ಫಿಕ್ಸ್ ಇದೆ ಅದರಲ್ಲಿ." ಕಾರಣ ಸುಳ್ಳಲ್ಲ. ಆದರೆ ಬೀಗ ರಿಪೇರಿಗೆ ಬಂದವನು ಕಿಟಕಿಯ ಗಾಜನ್ನೂ ಬದಲಿಸಿ ಹೋದರೆ, ಬೀಗಕ್ಕೋಸ್ಕರ ಗಾಜನ್ನೂ ಒಪ್ಪಿಕೋ ಅನ್ನೋದು ಯಾವ ನ್ಯಾಯ?

ತಿಂಗಳ ಕೊನೆಗೆ ಆ ಹುಡುಗನದ್ದೂ ಬಲವಂತವಾಗಿ ಅಪ್‌ಡೇಟ್ ಆಯಿತು. ಅವನ ಸ್ಕ್ರೀನಿನಲ್ಲೂ ಪಟ್ಟಿ ಬಂತು. ಅವನಿಗೆ ಏನೂ ಆಗಲಿಲ್ಲ. ಆರಾಮಾಗಿ ರಾತ್ರಿ ಎರಡರವರೆಗೆ ಕೂರುತ್ತಾನೆ. ಒಂದು ಕ್ಷಣ ನನ್ನ ಮೇಲೇ ಅನುಮಾನ ಬಂತು. ಆದರೆ ಬಸ್ಸಿನಲ್ಲಿ ಎಲ್ಲರಿಗೂ ವಾಂತಿ ಬರುವುದಿಲ್ಲ, ಹಾಗಂತ ಬಂದವರು ನಾಟಕ ಮಾಡ್ತಿದಾರೆ ಅಂತ ಯಾರೂ ಅನ್ನಲ್ಲ.

ಸದ್ಯಕ್ಕೆ ಬ್ರೈಟ್‌ನೆಸ್ ಪೂರ್ತಿ 100ಕ್ಕಿಟ್ಟು, ಬಣ್ಣಗಳನ್ನೇ ಮಂಕು ಮಾಡುವ ಒಂದು ಸಣ್ಣ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ತಲೆನೋವು ಮುಕ್ಕಾಲು ಪಾಲು ಹೋಗಿದೆ. ಮನೆಯಿಂದ ಕೆಲಸ ಮಾಡುವ ದಿನಗಳಿಗೆ ಅಂತ ಎಸ್.ಪಿ. ರೋಡಿಗೆ ಹೋಗಿ ಮಾನಿಟರ್ ತಂದೆ. ಡಬ್ಬದ ಮೇಲೆ "ಫ್ಲಿಕರ್ ಫ್ರೀ" ಅಂತ ಬರೆದಿದ್ದರೂ ಅಂಗಡಿಯಲ್ಲೇ ಫೋನ್ ಹಿಡಿದು ನೋಡುತ್ತಿದ್ದೆ.

"ಏನ್ ಮೇಡಂ, ರೀಲ್ಸಾ?" ಅಂದರು ಅಂಗಡಿಯವರು. ಪಟ್ಟಿ ಕಾಣುವ ಒಂದು, ಕಾಣದ ಒಂದು ಎರಡನ್ನೂ ತೋರಿಸಿದೆ, ಪೆನ್ಸಿಲ್ ಆಟವನ್ನೂ ಹೇಳಿಕೊಟ್ಟೆ. ಬಿಲ್ ಹಾಕಿಸಲು ಕೌಂಟರಿಗೆ ಬರುವಷ್ಟರಲ್ಲಿ ಅವರು ತಮ್ಮ ಬಿಲ್ಲಿಂಗ್ ಕಂಪ್ಯೂಟರ್ ಮುಂದೆ ಪೆನ್ನು ಆಡಿಸುತ್ತಾ, ಒಳಗಿದ್ದ ಹುಡುಗನನ್ನು ಕೂಗುತ್ತಿದ್ದರು: "ಲೋ, ಬಾರೋ ಇಲ್ಲಿ, ನಿಂಗೆಷ್ಟು ಕಾಣ್ತದೆ?"